ಎರಡು ಹೊರಗೆ, ಒಂದು ಊರಲ್ಲಿ

"ಇದೇನೇ ಇದು?"

ನನ್ನ ಗಂಡ ಕೋದಂಡರಾಮಪ್ಪ ಕಾಗದವನ್ನು ನನ್ನ ಮೊರದಲ್ಲಿದ್ದ ಅವರೆಕಾಳಿನ ಮೇಲೆ ಎಸೆದರು. ಶ್ರೀನಿವಾಸಪುರ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಗಂಗುಲಪ್ಪನವರು ಬರೆದಿದ್ದರು: ಶನಿವಾರ ಕೋಲಾರದ ಕಾಲೇಜು ತಂಡ ನಮ್ಮೂರಿಗೇ ಆಡಲು ಬರುವುದೆಂದು ತಿಳಿದು ಸಂತೋಷ, ಮೈದಾನ ಹದ ಮಾಡಿಸುತ್ತಿದ್ದೇವೆ.

ನಮ್ಮವರು ಆ ಕಾಲೇಜಿನ ಆಟದ ಮೇಷ್ಟ್ರು. ನಾಲ್ಕು ಊರಿನ ವಾಲಿಬಾಲ್ ಶೀಲ್ಡಿಗೆ ಕಾರ್ಯದರ್ಶಿ. ಪ್ರತಿ ವರ್ಷ ಖಾಲಿ ಕಾರ್ಡುಗಳಿಗೆ ರುಜು ಹಾಕಿ ನನ್ನ ಮುಂದಿಡುವರು. ಪಂದ್ಯದ ತಾರೀಖು, ಊರು ತುಂಬಿಸಿ ಉಳಿದ ಮೂರು ತಂಡಗಳಿಗೆ ಅಂಚೆಗೆ ಹಾಕುವವಳು ನಾನು. ಆರು ಪಂದ್ಯವೂ ಕೋಲಾರದಲ್ಲೇ. ಯುದ್ಧ ಬಂದು, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುವಂತಾದ ಮೇಲೆ, ಮುಳಬಾಗಿಲಿನ ಹುಡುಗರು ದಿಣ್ಣೆಗಳಲ್ಲೆಲ್ಲ ಬಸ್ಸು ತಳ್ಳಿಕೊಂಡು ಬಂದು, ಮುಖ ತೊಳೆದು ಹಾಗೇ ಆಡಲು ನಿಲ್ಲುತ್ತಿದ್ದರು. ಸೋತು ನಮ್ಮ ಜಗಲಿಯಲ್ಲಿ ಮಜ್ಜಿಗೆ ಕುಡಿಯುವಾಗ ಇವರು ಒಳಗೆ ಬಂದು ನಗುತ್ತಿದ್ದರು. ಆ ನಗುವಿನಲ್ಲಿ ನನ್ನ ಕೈಬರಹದ ಪಾಲೂ ಇದೆಯಲ್ಲ ಎಂದು ಮನಸ್ಸು ಕೊರೆಯುತ್ತಿತ್ತು. ಈ ಸಲ ಪಂದ್ಯಗಳನ್ನು ನಾಲ್ಕೂರಿಗೂ ಹಂಚಿ ಬರೆದು ಹಾಕಿದ್ದೆ.

"ಶ್ರೀನಿವಾಸಪುರ ನಿನ್ನ ತೌರೂರು ಅನ್ನೋ ಮೋಹ, ಅಲ್ವೇನೇ?"

"ಶ್ರೀನಿವಾಸಪುರಕ್ಕೂ ಒಂದೇ ಕೊಟ್ಟಿದ್ದೀನಿ, ನಮಗೂ ಒಂದೇ. ಮಾಲೂರು, ಮುಳಬಾಗಿಲಿಗೆ ಎರಡೆರಡು. ಆರನ್ನ ನಾಲ್ಕೂರಿಗೆ ಸಮ ಹಂಚೋಕಾಗಲ್ಲ. ಮುಂದಿನ ವರ್ಷ ಅದಲು ಬದಲು ಮಾಡಿದ್ರೆ ಸರಿಹೋಗುತ್ತೆ."

"ಆಹಾ! ಅಡುಗೆಮನೇಲಿ ಕೂತು ಶೀಲ್ಡ್ ನಡೆಸ್ತಾಳೆ ಮಹಾರಾಣಿ. ಈಗಲೇ ಮೂರು ಕಾರ್ಡು ಬರಿ, ತಪ್ಪಾಗಿದೆ ಅಂತ."

"ಯಾರ ತಪ್ಪು ಅಂತ ಬರೀಲಿ?"

ಅವರು ಮೊರದಲ್ಲಿದ್ದ ಕಾಗದವನ್ನು ಎತ್ತಿ ಮುದುರಿದರು.

"ರುಜು ನಿಮ್ಮದು. ನೋಡದೆ ಹಾಕಿದೆ, ಹೆಂಡತಿ ತುಂಬಿಸಿದಳು ಅಂತ ನೀವೇ ಬರೀರಿ. ಗಂಗುಲಪ್ಪನವರು ಊರಿಗೆಲ್ಲ ಓದಿ ಹೇಳ್ತಾರೆ."

ಕೈ ಎತ್ತಿದರು. ನಾನು ಮೊರ ಕೆಳಗಿಡಲಿಲ್ಲ. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ಆದರೆ ಆ ಕೈ ಮೇಲೆಯೇ ನಿಂತಾಗ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಇವರಿಗೂ ನನ್ನಿಂದ ಹೆದರಿಕೆಯಿದೆ ಎಂದು ಕಂಡಿತು. ಕಂಡು ಸುಖವಾಗಲಿಲ್ಲ. ಬಿಟ್ಟುಕೊಡಲೂ ಮನಸ್ಸಾಗಲಿಲ್ಲ.

ನಾಲ್ಕು ದಿನ ಮಾತಿಲ್ಲ. ತಟ್ಟೆ ನೂಕುವ ಸದ್ದಿನಿಂದಲೇ ಬೇಕೋ ಬೇಡವೋ ತಿಳಿಯಬೇಕು. ನಾನು ಕಾರ್ಡು ಬರೆಯಲಿಲ್ಲ, ಅವರೂ ಬರೆಯಲಿಲ್ಲ.

ಶನಿವಾರ ಬೆಳಿಗ್ಗೆ ಸೀಟಿ ಕೊರಳಿಗೆ ಹಾಕಿಕೊಂಡು ಹೊಸಿಲಲ್ಲಿ ನಿಂತರು.

"ಸೋತು ಬಂದರೆ ನಿನ್ನ ಮುಖ ನೋಡಲ್ಲ."

"ಈಗೇನು ನೋಡ್ತಿದ್ದೀರಾ?"

ಬಾಗಿಲನ್ನು ದಡಾರನೆ ಎಳೆದುಕೊಂಡು ಶ್ರೀನಿವಾಸಪುರದ ಬಸ್ಸಿಗೆ ಹೊರಟರು.