ಹಸನಾದ ಹೊಲಕ್ಕೆ ಪರಿಹಾರ

ಹಂಪಾಪುರದ ಆಸುಪಾಸಿನಲ್ಲಿ ಚಿಕ್ಕಬೀರಮ್ಮನ ಹೊಲದಷ್ಟು ಅಚ್ಚುಕಟ್ಟಾದ ಹೊಲ ಇನ್ನೊಂದಿರಲಿಲ್ಲ. ಕೊನೆಗೆ ಅದೇ ಅವಳಿಗೆ ಮುಳುವಾಯಿತು. ಆಗಸ್ಟಿನ ಮಳೆ ಹಗಲೂ ಇರುಳೂ ಹೊಯ್ದು ಮುಸುಕಿನ ಜೋಳ ನಿಂತಲ್ಲೇ ಕೊಳೆತಾಗ ಊರಿಗೆ ಊರೇ ತಲೆಯ ಮೇಲೆ ಕೈ ಹೊತ್ತು ಕುಳಿತಿತ್ತು. ಇವಳು ಮಾತ್ರ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ದಾರಿಹೋಕರು ಚಿಕ್ಕಬೀರಮ್ಮನ ಹೊಲ ನಾರುತ್ತಿದೆ ಅನ್ನಬಾರದು, ಅಷ್ಟೇ ಅವಳ ಹಟ. ಕೊಳೆತ ದಂಟನ್ನೆಲ್ಲ ಕಿತ್ತು ತಿಪ್ಪೆಗೆ ಹಾಕಿದಳು. ನೆಲ ಹದಕ್ಕೆ ಬಂದದ್ದೇ ತಡ, ಉಳುಮೆ ಮಾಡಿಸಿ ಹುರುಳಿ ಬಿತ್ತಿಬಿಟ್ಟಳು.

ಸರ್ಕಾರದ ಬೆಳೆ ಪರಿಹಾರಕ್ಕೆ ಸರ್ವೆ ಮಾಡಲು ಗ್ರಾಮ ಆಡಳಿತಾಧಿಕಾರಿ ಮಧುಶ್ರೀ ಬಂದದ್ದು ಅದಾಗಿ ಹದಿನೈದು ದಿನಕ್ಕೆ. ಹಾಳಾದ ಬೆಳೆಯ ಫೋಟೊ ತೆಗೆಯಬೇಕೆಂದು ಮೊಬೈಲು ಎತ್ತಿದರೆ ಅದರೊಳಗೆ ಹುರುಳಿಯ ಎಳೆ ಹಸಿರು. ಪಾಪ, ಆ ಹುಡುಗಿಯಾದರೂ ಏನು ಮಾಡಿಯಾಳು? ಯಾವ ನಷ್ಟವೆಂದು ಬರೆಯಲಿ ಅಮ್ಮ ಎಂದು ಕೇಳಿದಳು. ಗಂಡ ದಾಸಯ್ಯ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಅದೇ ಮಳೆಗೆ ಬೋರ್‌ವೆಲ್‌ನ ಮೋಟಾರೂ ಸುಟ್ಟುಹೋಗಿತ್ತು. ಪರಿಹಾರ ಬಂದರೆ ಮೋಟಾರು ರಿಪೇರಿಯಾಗಿ ಬೇಸಿಗೆಗೆ ತರಕಾರಿ ಹಾಕಬಹುದು. ಬಾರದಿದ್ದರೆ ಗಂಡ ಹೆಂಡತಿ ಇಬ್ಬರೂ ಕಂಡವರ ಹೊಲಕ್ಕೆ ಕೂಲಿಗೆ ಹೋಗಬೇಕು.

ಒಂದು ದಾರಿಯಿದೆ ಎಂದಳು ಮಧುಶ್ರೀ. ಬೆಳೆ ಹೋದದ್ದನ್ನು ಕಣ್ಣಾರೆ ಕಂಡ ಅಕ್ಕಪಕ್ಕದ ಹೊಲದವರು ಹೇಳಿಕೆ ಕೊಟ್ಟು ಸಹಿ ಹಾಕಿದರೆ ಮಹಜರು ಬರೆದು ಮೇಲಕ್ಕೆ ಕಳಿಸಬಹುದು. ಚಿಕ್ಕಬೀರಮ್ಮನ ಹೊಲದ ಒಂದು ಮಗ್ಗುಲಿಗೆ ರಸ್ತೆ, ಎರಡು ಮಗ್ಗುಲಿಗೆ ಹಳ್ಳ. ಉಳಿದದ್ದು ದೊಡ್ಡಮಾದಯ್ಯನ ಹೊಲ. ನಡುವಿನ ಬದುವನ್ನು ಯಾರು ಕೆರೆದರೆಂದು ಮೂರು ವರ್ಷದ ಹಿಂದೆ ಅವನಿಗೂ ಇವಳಿಗೂ ಜಗಳವಾಗಿ ಮಾತು ನಿಂತಿತ್ತು. ಜಗಳವೆಂದರೆ ಸಣ್ಣದಲ್ಲ, ಹಳ್ಳದ ಆಚೆಯ ದನ ಕಾಯುವವರೂ ಬಂದು ನಿಂತು ಕೇಳುವಂಥದ್ದು.

ಬಾಯಿ ಮಾಡಿದವಳು ನೀನು, ನೀನೇ ಹೋಗು ಎಂದು ದಾಸಯ್ಯ ಕೈ ತೊಳೆದುಕೊಂಡ.

ದೊಡ್ಡಮಾದಯ್ಯ ಬದುವಿನ ಆಚೆ ತನ್ನ ಕೊಳೆತ ಜೋಳದ ಮುಂದೆ ಕುಳಿತಿದ್ದ. ಅವನ ಹೊಲದ ಫೋಟೊ ಬೆಳಿಗ್ಗೆಯೇ ಆಗಿತ್ತು. ಚಿಕ್ಕಬೀರಮ್ಮನಿಗೆ ಅವಮಾನವೆನಿಸಿತು. ಆದರೂ ಹೋಗಿ ನಿಂತಳು.

"ಮಾದಣ್ಣ, ನನ್ ಜೋಳ ಓಗಿದ್ದ ನೀನು ನೋಡಿದ್ರೆ ಒಂದ್ ಮಾತ್ ಯೋಳು. ನೋಡಿಲ್ಲ ಅಂದ್ರೆ ಬ್ಯಾಡ ಬುಡು."

ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬದು ದಾಟಿ ಮಧುಶ್ರೀಯ ಮುಂದೆ ಹೋಗಿ ನಿಂತ. ಚಿಕ್ಕಬೀರಮ್ಮ ಹಿಂದೆಯೇ ಬಂದಳು. ಇವನು ಈಗ ಹಳೆಯ ಹಗೆ ತೀರಿಸಿಕೊಳ್ಳುತ್ತಾನೆ ಎಂದೇ ಅವಳ ಎಣಿಕೆ.

"ಮೊಣಕಾಲ್ ಗಂಟ ಕೆಸರಲ್ಲಿ ನಿಂತ್ಕಂಡು ಮೂರು ದಿನ ಒಬ್ಳೇ ಕಿತ್ತವ್ಳೆ ಕಣವ್ವ," ಎಂದ ದೊಡ್ಡಮಾದಯ್ಯ. "ನಾನು ಇಲ್ಲೇ ಕುಂತು ನೋಡ್ತಿದ್ದೆ. ಮಾತಿದ್ದಿದ್ರೆ ನಾನೂ ಒಂದ್ ಕೈ ಆಕ್ತಿದ್ದೆ."

ಚಿಕ್ಕಬೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆಳೆ ಹೋದಾಗಲೂ ಅವಳು ಅತ್ತಿರಲಿಲ್ಲ.

ಮಧುಶ್ರೀ ಬೇಗಬೇಗ ಬರೆದುಕೊಂಡಳು. ಹೊಲದ ಎಲ್ಲೆ ಬರೆಯುವಾಗ ತಲೆಯೆತ್ತಿ, ಈ ಬದು ಯಾರಿಗೆ ಸೇರಿದ್ದು ಎಂದಳು. ದಾಸಯ್ಯ ಆಕಾಶ ನೋಡಿದ.

"ಬದು ಬುಟ್ಟು ಬರ್ಕಳವ್ವ," ಎಂದ ದೊಡ್ಡಮಾದಯ್ಯ ಸಹಿ ಹಾಕುತ್ತ. "ಅದ ನಾವು ಆಮ್ಯಾಕೆ ಜಗಳ ಆಡ್ಕತೀವಿ."

ಹಣ ಬರಲು ಇನ್ನೂ ತಿಂಗಳುಗಳಿದ್ದವು. ಆದರೆ ಪಟ್ಟಿಗೆ ಹೆಸರು ಹತ್ತುತ್ತದೆ ಎಂದು ಮಧುಶ್ರೀ ಹೇಳಿ ಹೋದಳು. ಚಿಕ್ಕಬೀರಮ್ಮ ದೊಡ್ಡಮಾದಯ್ಯನ ಕೊಳೆತ ಜೋಳದತ್ತ ಒಮ್ಮೆ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿದಳು.

"ನಡಿ ಮಾದಣ್ಣ, ನಿನ್ ಜೋಳನೂ ಕಿತ್ತಾಕನ. ಕೆಲ್ಸ ಮಾಡ್ತಾನೇ ಜಗಳ ಆಡಿದ್ರಾಯ್ತು."