ಹಳೆಯ ಉತ್ತರಗಳು

ಚಾಮರಾಜಪೇಟೆಯ ಸಿದ್ದಬಸಪ್ಪನವರ ಮುದ್ರಣಾಲಯದ ಕಂಪ್ಯೂಟರ್ ಆನ್ ಮಾಡಿದರೆ ಅದನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಕರ್ನಲ್‌ನ ಆವೃತ್ತಿ ಸಂಖ್ಯೆ ಕಾಣುತ್ತಿತ್ತು, ಅದರ ಕೊನೆಗೆ ‘ನಾಗು’ ಎಂದಿರುತ್ತಿತ್ತು. ಆ ಕರ್ನಲ್ಲನ್ನು ಕಟ್ಟಿದ ನಾಗಭೂಷಣ್ ತನ್ನ ಹೆಸರನ್ನೂ ಸೇರಿಸಿದ್ದ. ಅವನು ಕಾಮಾಲೆಯಿಂದ ತೀರಿಕೊಂಡ ಮೇಲೆ, ಅಲ್ಲೇ ಪುಟ ಜೋಡಿಸುವ ಅವನ ಹೆಂಡತಿ ಶಿವರಂಜಿನಿ ಬೆಳಿಗ್ಗೆ ಆ ಸಾಲನ್ನು ನೋಡಿದ ಮೇಲೆಯೇ ಕೆಲಸಕ್ಕೆ ಕೂರುತ್ತಿದ್ದಳು.

ಹೊಸ ನೆಟ್‌ವರ್ಕ್ ಕಾರ್ಡನ್ನು ಹಳೆಯ ಕರ್ನಲ್ ಗುರುತಿಸಲಿಲ್ಲ. ಹೊಸ ಕರ್ನಲ್ ಕಟ್ಟಲು ಸಿದ್ದಬಸಪ್ಪ ಚಕ್ರಪಾಣಿಯನ್ನು ಕರೆಸಿದರು. ಅವನೂ ನಾಗುವೂ ಸಂಜೆ ಕಂಪ್ಯೂಟರ್ ಕ್ಲಾಸಿನಲ್ಲಿ ಒಟ್ಟಿಗೆ ಕಲಿತವರು.

“ಅವರು ಮಾಡಿದ್ದು ಹಾಗೇ ಇರುತ್ತಲ್ವಾ?” ಶಿವರಂಜಿನಿ ಕೇಳಿದಳು.

“ಇರುತ್ತಮ್ಮ. ಕಟ್ಟುವಾಗ ಕಂಪ್ಯೂಟರ್ ಕೇಳೋ ಪ್ರಶ್ನೆಗಳಿಗೆ ಅವನು ಕೊಟ್ಟ ಉತ್ತರ ಇರೋ ಹಳೇ ಕಾನ್ಫಿಗ್ ಫೈಲನ್ನೇ ನಕಲು ಮಾಡ್ತೀನಿ. ಹೊಸದಾಗಿ ಬಂದಿರೋ ಪ್ರಶ್ನೆ ಮಾತ್ರ ಕೇಳುತ್ತೆ.”

“ಬೇಗ ಮುಗಿಸ್ರೀ,” ಎಂದರು ಸಿದ್ದಬಸಪ್ಪ. “ಮದುವೆ ಕಾರ್ಡು ಹೋಗೋದ್ರೊಳಗೆ ಮದುಮಕ್ಕಳಿಗೆ ನಾಮಕರಣದ ಕಾರ್ಡು ಬೇಕಾಗುತ್ತೆ.”

ಚಕ್ರಪಾಣಿ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿದ. ನೆಟ್‌ವರ್ಕ್ ಕಾರ್ಡಿನ ಪ್ರಶ್ನೆಗೆ ಹೌದು ಎಂದ. ಅರ್ಥವಾಗದಲ್ಲಿ ನಾಗು ಹೇಳುತ್ತಿದ್ದಂತೆ, ಯಂತ್ರವೇ ಸೂಚಿಸಿದ ಉತ್ತರಕ್ಕೆ ಬರೀ ಎಂಟರ್ ಒತ್ತಿದ: “ಗೊತ್ತಿಲ್ದಿದ್ರೆ ಮುಂದೆ ಹೋಗು ಮಗಾ, ಬುದ್ಧಿವಂತರು ಮೊದಲೇ ಯೋಚಿಸಿರ್ತಾರೆ.” ಆವೃತ್ತಿಯ ಕೊನೆಗೆ ಏನು ಸೇರಿಸಬೇಕು ಎಂಬ ಪ್ರಶ್ನೆಗೂ ಹಾಗೆಯೇ ಎಂಟರ್ ಒತ್ತಿದ.

ಸಂಜೆ ಕಂಪ್ಯೂಟರ್ ಎದ್ದಿತು. ಕಾರ್ಡ್ ಕೆಲಸ ಮಾಡಿತು. ಪರದೆಯ ಮೇಲೆ ಸಂಖ್ಯೆ ಮಾತ್ರ ಇತ್ತು.

ಶಿವರಂಜಿನಿ ನೋಡಿದಳು.

ಚಕ್ರಪಾಣಿ ಹುಡುಕಿದ ಮೇಲೆ ತಿಳಿಯಿತು. ನಾಗುವಿನ ಕಾಲದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಹೆಸರನ್ನು ಅವನು ಬೇರೊಂದು ಫೈಲಿನಲ್ಲಿ ಬರೆದಿದ್ದ. ಅವನ ಉತ್ತರಗಳೆಲ್ಲ ನಕಲಿನೊಂದಿಗೆ ಬಂದಿದ್ದವು, ಹೆಸರು ಬಂದಿರಲಿಲ್ಲ.

“ಇನ್ನೊಂದು ಸಲ ಕಟ್ತೀನಿ. ಈಗ ಎಲ್ಲಿ ಅಂತ ಗೊತ್ತಾಯ್ತು.”

“ಬೇಡ ಬಿಡಿ.”

“ತಪ್ಪು ನಂದಮ್ಮ. ಒಂದು ಗಂಟೆ ಕೆಲಸ ಅಷ್ಟೆ.”

“ಅವರು ಈ ಹೊಸದನ್ನ ನೋಡೇ ಇಲ್ಲ,” ಎಂದಳು. “ಕಟ್ಟಿದ್ದು ನೀವು. ಅವರ ಹೆಸರು ಹಾಕಿದ್ರೆ ದಿನಾ ಸುಳ್ಳು ಓದಿದ ಹಾಗೆ ಆಗುತ್ತೆ.”

“ಹಾಗಾದ್ರೆ ಖಾಲಿ ಬಿಡ್ಲಾ?”

ಅವಳು ಕುರ್ಚಿ ಎಳೆದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಪಾಸ್‌ವರ್ಡ್ ಒತ್ತಿದಳು. ಪರದೆಯ ಆ ಸಾಲು ಸರಿದುಹೋಯಿತು.