ಸೀಮೆಸುಣ್ಣದ ಮುಖ

ಆ ಲಾಂಡ್ರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಒಗೆದ ಬಟ್ಟೆಯನ್ನು ತಾತ ಒಳಕೋಣೆಯ ದೀಪದಡಿ ಹರವಿ, ಕನ್ನಡಕ ಏರಿಸಿ, ಅಂಗುಲ ಅಂಗುಲ ನೋಡಬೇಕು. ಕಲೆ ಕಂಡಿತೋ, ಬಟ್ಟೆ ವಾಪಸ್ ತೊಟ್ಟಿಗೆ. ಕಲೆಯಿದ್ದದ್ದು ಕೌಂಟರಿಗೆ ಬರಕೂಡದು. ಗಿರಾಕಿ ಬರಿಮೈಯಲ್ಲಿ ಬಾಗಿಲಿಗೆ ಬಂದು ನಿಂತರೂ ತಾತನ ಮನಸ್ಸು ಕರಗುತ್ತಿರಲಿಲ್ಲ.

ಈ ನಿಯಮವನ್ನು ಮೊಮ್ಮಗಳು ತನ್ನ ಮುಖಕ್ಕೂ ಅನ್ವಯಿಸಿಕೊಂಡದ್ದೇ ಎಡವಟ್ಟಾಯಿತು.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾತಿನಮಲ್ಲಿ ಎಂದು. ಅವಳು ಕೌಂಟರಿನಲ್ಲಿ ಕೂತರೆ, ಒಂದು ಶರ್ಟು ಕೊಡಲು ಬಂದವರು ಮನೆಗೆ ಓಡಿ ಕಿಟಕಿಯ ಪರದೆಗಳನ್ನೂ ಬಿಚ್ಚಿ ತರುತ್ತಿದ್ದರು. ಕೌಂಟರೆಂದರೆ ಅವಳಿಗೆ ಪ್ರಾಣ. ಅಂಥವಳ ಗಲ್ಲದಲ್ಲಿ ಮೊಡವೆ ಎದ್ದವು. ಎದ್ದು ಸುಮ್ಮನಿರದೆ ಹಣೆಗೂ ಗದ್ದಕ್ಕೂ ನೆಂಟರನ್ನು ಕರೆಸಿಕೊಂಡವು. ಒಂದು ಬೆಳಿಗ್ಗೆ ಅವಳು ತುಟಿಪಿಟಕ್ಕೆನ್ನದೆ ಒಳಗಿನ ಇಸ್ತ್ರಿ ಮೇಜಿಗೆ ಹೋಗಿ ನಿಂತಳು. ಕೌಂಟರಿನ ಅವಳ ಜಾಗಕ್ಕೆ ಅಕ್ಕನ ಗಂಡ, ಭಾವ, ಬಂದ. ಭಾವ ಒಳ್ಳೆಯವನೇ, ಆದರೆ ಶರ್ಟಿಗೂ ಸೋಫಾ ಕವರಿಗೂ ಅವನ ಮಟ್ಟಿಗೆ ಅಂಥ ವ್ಯತ್ಯಾಸವೇನಿಲ್ಲ.

ಮುಖ ತಿಳಿಯಾಗುವ ತನಕ ಹೊರಗೆ ಕಾಲಿಡುವುದಿಲ್ಲ ಎಂದು ಅವಳು ಹಟ ಹಿಡಿದಳು. ತಿಳಿಯಾಗದೇ ಹೋದರೆ? ಜನ್ಮವಿಡೀ ಈ ಹಬೆಯಲ್ಲಿ, ಮಾತಾಡದ ಪ್ಯಾಂಟುಗಳ ಜೊತೆಯಲ್ಲೇ? ನೆನೆದರೆ ಅಳು ಬರುತ್ತಿತ್ತು.

ಕಲೆ ತೆಗೆಯುವವರ ಮನೆಯಲ್ಲಿ ಸಲಹೆಗೆ ಬರವೇ? ಅಮ್ಮ ಕಾಲರ್ ಉಜ್ಜುವ ಹೊಸ ಬ್ರಷ್ ಒಂದನ್ನು ಕೈಗಿಟ್ಟು, "ಮೆತ್ತಗಿದೆ, ಉಜ್ಜು" ಎಂದಳು. ಅಕ್ಕ ಘಮಘಮ ಎನ್ನುವ ದುಬಾರಿ ಬಾಟಲಿಗಳನ್ನು ತಂದಳು. ನೊರೆ ಬಂತು, ಉರಿ ಬಂತು, ಮೊಡವೆ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಕೊನೆಗೆ ತಾತನೇ ಕಣಕ್ಕಿಳಿದ.

"ಎಣ್ಣೆ ಕಲೆಗೆ ನಾವೇನ್ ಹಾಕ್ತೀವಿ? ಸೀಮೆಸುಣ್ಣದ ಪುಡಿ. ಮುಖದ್ದೂ ಎಣ್ಣೆ ತಾನೇ? ಬಳ್ಕೊಂಡು ಒಣಗಿಸ್ಕೋ. ಆಮೇಲೆ ಚೆನ್ನಾಗಿ ತಿಕ್ಕು."

ಅವಳು ಬಳಿದುಕೊಂಡಳು. ಹುಬ್ಬಿನಿಂದ ಗದ್ದದವರೆಗೆ ಸುಣ್ಣ ಬಳಿದ ಗೋಡೆಯಾಗಿ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಾಗಲೇ ಕೌಂಟರಿನಿಂದ ಭಾವನ ದನಿ ಕೇಳಿಸಿತು.

"ರೇಷ್ಮೆ ಶಾಲು ಅಲ್ವಾ ಮೇಡಂ? ಕಾಫಿ ಕಲೆನಾ? ಅದಕ್ಕೇನಂತೆ, ಬಿಸಿನೀರಲ್ಲಿ ಹಾಕಿ ಇನ್ನೊಂದು ಸಲ ಗಸಗಸ ಉಜ್ಜಿದ್ರಾಯ್ತು!"

ಮಾತಿನಮಲ್ಲಿಯ ಪಿತ್ತ ನೆತ್ತಿಗೇರಿತು. ಬಿಸಿನೀರು! ರೇಷ್ಮೆಗೆ! ಇಸ್ತ್ರಿಪೆಟ್ಟಿಗೆಯನ್ನು ದಡಕ್ಕನೆ ಎತ್ತಿಟ್ಟು, ಪರದೆ ಸರಿಸಿ, ಭಾವನನ್ನು ಮೊಣಕೈಯಲ್ಲಿ ಆಚೆಗೆ ತಳ್ಳಿ ಕೌಂಟರಿನಲ್ಲಿ ನಿಂತೇಬಿಟ್ಟಳು. ಶಾಲಿನ ಒಂದು ಮೂಲೆಯಲ್ಲಿ ಎಳೆಗಳೆಲ್ಲ ಎದ್ದು ಜುಂಗುಜುಂಗಾಗಿದ್ದವು.

"ಅಯ್ಯೋ, ಯಾರ್ರೀ ಇದನ್ನ ಹೀಗೆ ಉಜ್ಜಿದ್ದು?"

ಗಿರಾಕಿ, ಎದುರಿನ ಆಸ್ಪತ್ರೆಯ ಚರ್ಮದ ವಿಭಾಗದ ನರ್ಸಮ್ಮ, ಬೆಪ್ಪಾಗಿ ನಿಂತಿದ್ದಳು. "ನಾನೇ. ಕಲೆ ಹೋಗ್ಲಿ ಅಂತ..."

"ಕಲೆ ಹೋಗ್ಲಿ ಅಂತ ರೇಷ್ಮೆ ಪ್ರಾಣ ತೆಗೀತಾರಾ? ಉಜ್ಜಿದಷ್ಟೂ ಅದು ಕೆರಳುತ್ತೆ. ಉಗುರುಬೆಚ್ಚಗಿನ ನೀರು ಸಾಕು. ಪರಿಮಳ ಗಿರಿಮಳ ಇಲ್ಲದ ಸಾದಾ ಸೋಪು, ಕೈಯಲ್ಲಿ ಮೆಲ್ಲಗೆ ಸವರಬೇಕು, ಅಷ್ಟೇ. ಹಿಂಡಬಾರದು. ಒಣ ಬಟ್ಟೆಯಲ್ಲಿ ಒತ್ತಿ ನೀರು ತೆಗೀಬೇಕು. ಬಿಸಿಲಿಗೆ ಹಾಕಬಾರದು. ಇಷ್ಟು ನಾಜೂಕಿನ ವಸ್ತುನ ಹೀಗಾ ನೋಡ್ಕೊಳ್ಳೋದು?"

ನರ್ಸಮ್ಮ ಅವಳ ಮುಖವನ್ನೇ, ಸುಣ್ಣದ ಸಂದಿನಲ್ಲಿ ಕೆಂಪಗೆ ಕೆರಳಿದ ಗಲ್ಲವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ನಗು ತಡೆದ ತುಟಿ ಅದುರತೊಡಗಿತು.

"ಇಷ್ಟೆಲ್ಲ ಗೊತ್ತಿದ್ದೂ, ನಿನ್ನ ಮುಖನ ಯಾರಮ್ಮ ಹೀಗೆ ಉಜ್ಜಿದ್ದು?"

ಮಾತಿನಮಲ್ಲಿ ಕೆನ್ನೆಗೆ ಕೈಯಿಟ್ಟಳು. ಬೆರಳಿಗೆ ಬಿಳಿ ಪುಡಿ ಹತ್ತಿತು. ತಾನು ಎಲ್ಲಿ ನಿಂತಿದ್ದೇನೆ, ಎಂಥ ಅವತಾರದಲ್ಲಿ ನಿಂತಿದ್ದೇನೆ ಎಂಬುದು ಆಗ ಹೊಳೆದು ಇಂಗು ತಿಂದ ಮಂಗನಂತಾದಳು. ಓಡಿಹೋಗೋಣವೆಂದರೆ ನರ್ಸಮ್ಮ ಕೈ ಹಿಡಿದುಕೊಂಡಾಗಿತ್ತು. ಇಬ್ಬರಿಗೂ ಒಟ್ಟಿಗೇ ನಗು ಕಿತ್ತುಕೊಂಡು ಬಂತು. ನಕ್ಕ ರಭಸಕ್ಕೆ ಸುಣ್ಣ ಬಿರುಕುಬಿಟ್ಟು ಶಾಲಿನ ಮೇಲೆ ಉದುರಿತು. ಬ್ರಷ್ಷಿನಿಂದ ಸುಣ್ಣದವರೆಗಿನ ಕತೆಯನ್ನೆಲ್ಲ ಕೇಳಿ ನರ್ಸಮ್ಮ ಹೇಳಿದಳು:

"ಶಾಲಿಗೆ ಹೇಳಿದ್ಯಲ್ಲ, ಅದನ್ನೇ ಮುಖಕ್ಕೂ ಮಾಡು. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ, ಸಾಕು. ಬ್ರಷ್ಷೂ ಬೇಡ, ಸುಣ್ಣವೂ ಬೇಡ. ಮುಖಕ್ಕೆ ಅಂತಲೇ ಇರೋ, ವಾಸನೆ ಇಲ್ಲದ ಸಾದಾ ಫೇಸ್‌ವಾಶ್ ನಮ್ಮ ಆಸ್ಪತ್ರೆ ಔಷಧಿ ಅಂಗಡಿಯಲ್ಲೇ ಸಿಗುತ್ತೆ. ಒಂದು ಕೋಟು ಇಸ್ತ್ರಿ ಮಾಡಿಸೋ ದುಡ್ಡಲ್ಲಿ ಬರುತ್ತೆ. ತೊಳೆದ್ಮೇಲೆ ಜಿಡ್ಡಿಲ್ಲದ ಕ್ರೀಮು ಒಂಚೂರು. ಚಿವುಟಬೇಡ. ಕೆಲವು ವಾರ ಬೇಕಾಗುತ್ತೆ, ತಾಳ್ಮೆ ಇರ್ಲಿ. ಆಗಲೂ ಕೇಳದಿದ್ರೆ ಡಾಕ್ಟರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ."

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಅವಳು ಮುಖ ತೊಳೆಯುವಾಗ ಅಮ್ಮ ಬಾಗಿಲಲ್ಲಿ ನಿಂತು, "ರೇಷ್ಮೆ ಕಣೇ, ರೇಷ್ಮೆ!" ಎಂದು ಕೂಗುತ್ತಿದ್ದಳು. ಮೊದಲು ಉರಿ ಇಳಿಯಿತು, ಆಮೇಲೆ ಕೆಂಪು. ಮೊಡವೆಗಳ ನೆಂಟರೂ ಒಬ್ಬೊಬ್ಬರಾಗಿ ಊರಿಗೆ ಹೊರಟರು. ಗಲ್ಲದಲ್ಲಿ ನಾಲ್ಕಾರು ಗುರುತುಗಳೂ, ಹಣೆಯಲ್ಲಿ ಒಂದು ಮೊಂಡು ಮೊಡವೆಯೂ ಮಾತ್ರ ಉಳಿದವು. ಅಷ್ಟಕ್ಕೇ ಅವಳು ಇನ್ನೂ ಒಳಗೇ ಇದ್ದಳು.

ತೊಟ್ಟಿಗೆ ಹಲವು ಸಲ ವಾಪಸಾಗಿ, ವಾರಗಳ ಮೇಲೆ ನರ್ಸಮ್ಮನ ಶಾಲು ಸಿದ್ಧವಾದ ದಿನ ತಾತ ಅದನ್ನು ದೀಪದಡಿ ಹಿಡಿದ. ಕಾಫಿ ಹೋಗಿತ್ತು. ಉಜ್ಜಿದ ಜಾಗ ಮಾತ್ರ ತುಸು ಮಂಕು.

"ಗುರುತು ಉಳಿದಿದೆ. ಕೌಂಟರಿಗೆ ಹೋಗೋ ಹಾಗಿಲ್ಲ," ಎಂದ ತಾತ.

"ಇನ್ನೂ ತಿಕ್ಕಿದ್ರೆ ತೂತು ಬೀಳುತ್ತೆ ತಾತ. ಮಿಕ್ಕಿದ್ದೆಲ್ಲ ನೋಡು, ಎಷ್ಟು ಚೆನ್ನಾಗಿದೆ! ಇಷ್ಟಕ್ಕೆ ಶಾಲು ಇಲ್ಲೇ ಕೊಳೀಬೇಕಾ?"

ಹೇಳಿ ಮುಗಿಸಿದವಳು ತನ್ನ ಮಾತು ತನಗೇ ಕೇಳಿಸಿತೆಂಬಂತೆ ಗಲ್ಲ ಮುಟ್ಟಿಕೊಂಡಳು. ತಾತ ಶಾಲಿನಿಂದ ಕಣ್ಣೆತ್ತಿ ಅವಳ ಗಲ್ಲ ನೋಡಿದ, ಹಣೆ ನೋಡಿದ. ಆಮೇಲೆ ಅವನು ಕೈ ಚಾಚಿ ಪಟ್ಟನೆ ದೀಪ ಆರಿಸಿದ.

"ಎರಡೂ ಹೋಗ್ಲಿ ಕೌಂಟರಿಗೆ," ಎಂದ.

ಅವಳು ಶಾಲನ್ನು ಹೆಗಲಿಗೆ ಹಾಕಿಕೊಂಡು ಪರದೆ ಸರಿಸಿದಳು. ಬದುಕಿದೆಯಾ ಬಡಜೀವವೇ ಎಂದು ಭಾವ ಕುರ್ಚಿ ಬಿಟ್ಟೆದ್ದ. ಶಾಲಿಗಾಗಿ ಕಾಯುತ್ತಿದ್ದ ನರ್ಸಮ್ಮನ ಹಿಂದೆ ಗಿರಾಕಿಗಳ ಸಾಲು ಬಾಗಿಲು ದಾಟಿತ್ತು. ಅಷ್ಟು ದಿನ ಕಟ್ಟಿಟ್ಟ ಮಾತೆಲ್ಲ ಮಾತಿನಮಲ್ಲಿಯ ಬಾಯಿಗೆ ಒಮ್ಮೆಲೇ ನುಗ್ಗಿಬಂದು, ಮೊದಲು ಯಾವುದನ್ನು ಆಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.